ಗುಂಡನಿಗೆ ಊಟ ದಕ್ಕಿದ್ದು

ನಾನು ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡುವ ಸರ್ಕಾರಿ ನೌಕರ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯ ಅಂಗಡಿ ಸಂತೆಗಳು ನನ್ನ ಸುಪರ್ದಿಗೆ ಬರುತ್ತವೆ. ಒಂದು ಗ್ರಾಂ ವ್ಯತ್ಯಾಸವನ್ನೂ ನಾನು ಬಿಡುವುದಿಲ್ಲ. ಇಂಥವನ ಮನೆ ಬಾಗಿಲಿಗೇ ಯಾವ ಅಳತೆಗೂ ಸಿಗದ ಪ್ರಸಂಗಗಳು ವಿಳಾಸ ಕೇಳಿಕೊಂಡು ಬರುತ್ತಿರುತ್ತವೆ. ಬರುವಾಗ ಅವು ನಗಿಸುವ ಪ್ರಸಂಗಗಳೆಂದು ಗೊತ್ತಾಗುವುದೂ ಇಲ್ಲ. ಇಲ್ಲಿರುವವೆಲ್ಲ ಒಂದು ಸಾವಿನಿಂದ ಶುರುವಾದವು.

ಉಳಿದ ಸಾಮಾನು

ನನ್ನ ಹೆಂಡತಿಗೆ ಇದ್ದವನು ಒಬ್ಬನೇ ತಮ್ಮ. ಹನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮದುವೆ ಮಾಡಿಕೊ ಎಂದರೆ ಹಾವು ತಂದು ಸಾಕಿದ. ನಮ್ಮ ಕಾಡಿನ ಹಾವಲ್ಲ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಇದು ಆಫ್ರಿಕಾದ ಬಾಲ್ ಪೈಥಾನ್. ತೋಳುದ್ದ ಇರುತ್ತದೆ, ವಿಷವಿಲ್ಲ, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಅವನು ಇಟ್ಟ ಹೆಸರು ಗುಂಡ. ಅರಣ್ಯ ಇಲಾಖೆಯಲ್ಲಿ ನೋಂದಣಿ ಮಾಡಿಸಿದ್ದ. ಮಾಡಿಸದಿದ್ದರೆ ನಾನೇ ದೂರು ಕೊಡುತ್ತೇನೆ ಎಂದು ಮೊದಲೇ ಹೇಳಿದ್ದೆ.

ಒಂದು ಮಧ್ಯಾಹ್ನ ಗುಂಡನನ್ನು ಚೀಲದಲ್ಲಿ ಹಾಕಿಕೊಂಡು ಅಕ್ಕನಿಗೆ ತೋರಿಸಲೆಂದು ಕೊಳ್ಳೇಗಾಲಕ್ಕೆ ಬಂದ. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. ಇಲಿ ಹಿಡಿದ ಕೈಗೆ ನಾನು ಎಲೆ ಹಾಕುವುದಿಲ್ಲ, ಹಾವನ್ನು ಎಲ್ಲಾದರೂ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಬಾ ಎಂದಳು ಇವಳು. "ಇರ್ಲಿ ಬುಡಕ್ಕ, ಹಸಿವಿಲ್ಲ" ಎಂದು ನಗುತ್ತಲೇ ಹೊರಟ. ಗುಂಡನನ್ನು ಅಂಗಡಿಯಲ್ಲಿ ಬಿಟ್ಟು ಅದೇ ಸಂಜೆ ಯಾರದೋ ಫೋನು ಕೊಟ್ಟು ಬರಲು ಕೌದಳ್ಳಿ ಕಡೆಗೆ ಹೋದ. ಹಿಂದೆ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವನ ಬೈಕು ಬಡಿಯಿತು.

ತಿಥಿಯ ದಿನ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಪಕ್ಕದ ಬೀದಿಯಲ್ಲಿ ಕೋಳಿ ಅಂಗಡಿ ಇದೆ, ಕಾಗೆಗಳಿಗೆ ಹೊಟ್ಟೆ ತುಂಬಿರುತ್ತದೆ ಎಂಬುದು ನನ್ನ ವಿವರಣೆ. ಇವಳದು ಬೇರೆ. "ಹಸ್ಕೊಂಡು ಹೋದ ರೀ. ಅವತ್ತು ಇಕ್ಕಲಿಲ್ಲ, ಇವತ್ತು ಇಕ್ಕಿದ್ರೆ ಯಾಕೆ ತಿಂತಾನೆ?" ಅವತ್ತಿನಿಂದ ಅವಳ ಎಲೆಯಲ್ಲೂ ಅರ್ಧ ಊಟ ಉಳಿಯತೊಡಗಿತು.

ಅಂಗಡಿಯಲ್ಲಿ ಅವನಿಗೊಬ್ಬ ಪಾಲುದಾರನಿದ್ದ. ಕೆಲವು ತಿಂಗಳು ಗುಂಡನನ್ನು ಅವನೇ ನೋಡಿಕೊಂಡ. ಆಮೇಲೆ ಅವನಿಗೆ ಹೆಣ್ಣು ಗೊತ್ತಾಯಿತು. ಹಾವಿರುವ ಮನೆಗೆ ಹುಡುಗಿ ಕೊಡುವುದಿಲ್ಲ ಎಂದು ಹೆಣ್ಣಿನ ಕಡೆಯವರು ಹೇಳಿದರಂತೆ. ಅವನು ನನಗೆ ಫೋನು ಮಾಡಿ, "ಸಾ, ಅವನ ಸಾಮಾನೆಲ್ಲ ನಿಮ್ಗೆ ಕೊಟ್ಬುಟ್ಟಿದ್ದೆ. ಒಂದು ಉಳ್ಕಂಡದೆ, ಬಂದು ತಕಂಡೋಗಿ" ಎಂದ.

ಏನಯ್ಯ ಅದು, ಚಾರ್ಜರ್ರೋ ಎಂದು ಕೇಳಿದೆ.

"ಅಲ್ಲ ಸಾ. ನನ್ನ ನೋಡ್ಕಂಡು ನಾಲ್ಗೆ ಚಾಚ್ತದೆ."

ಮೀಸೆ ಬಂದ ಮೂಲಂಗಿ

ಹಾವೆಂದರೆ ಹೆಂಡತಿ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ದೇವರ ಕೋಣೆಯ ಪಕ್ಕದ ಕೋಣೆ ಖಾಲಿ ಮಾಡಿಸಿದಳು. ನಾನು ನೋಂದಣಿಯನ್ನು ಅವಳ ಹೆಸರಿಗೆ ಬದಲಾಯಿಸುವವರೆಗೂ ಗುಂಡನಿದ್ದ ಗಾಜಿನ ಪೆಟ್ಟಿಗೆಯನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅದಕ್ಕೆ ಅವಳು ನನ್ನೊಡನೆ ಮಾತು ಬಿಟ್ಟಳು. ಮತ್ತೆ ಮಾತಾಡಿದ್ದು ಗುಂಡನ ಊಟದ ವಿಚಾರಕ್ಕೆ.

ಗುಂಡನಿಗೆ ಬೇಕಾದದ್ದು ಬಿಳಿ ಇಲಿ. ಮೈಸೂರಿನಿಂದ ಮಂಜುಗಟ್ಟಿಸಿದ್ದು ಬರುತ್ತದೆ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಡಬೇಕು. ಮೊಸರು, ಬೆಣ್ಣೆ, ನೈವೇದ್ಯದ ಹಾಲು ಎಲ್ಲ ಇರುವ ಫ್ರಿಜ್ಜು ಅದು. ಅವಳು ಬಹಳ ಹೊತ್ತು ಅದರ ಮುಂದೆ ನಿಂತಿದ್ದಳು. ಆಮೇಲೆ ಮೊಸರು, ಬೆಣ್ಣೆಯನ್ನೆಲ್ಲ ತೆಗೆದು ನಡುಮನೆಯ ಗೂಡಿನಲ್ಲಿಟ್ಟಳು. ನೈವೇದ್ಯದ ಹಾಲನ್ನು ದಿನಾ ಹೊಸದಾಗಿ ತರುವುದೆಂದಾಯಿತು. ಫ್ರಿಜ್ಜು ಪೂರ್ತಿ ಇಲಿಗೆ ಹೋಯಿತು.

ಪಕ್ಕದ ಮನೆಯ ಅಜ್ಜಿಗೆ ಇದನ್ನು ಹೇಳುವುದು ಮರೆತೆವು. ಆಕೆ ಕಟ್ಟಿದ ಹೂವನ್ನು ನಮ್ಮ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ತೆಗೆದುಕೊಂಡು ಹೋಗುವ ಅಭ್ಯಾಸದವರು. ಕನ್ನಡಕ ಹಾಕಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೆಳ್ಳಗೆ, ಉದ್ದಕ್ಕೆ, ಬಾಲವಿದ್ದದ್ದನ್ನು ನೋಡಿದರು. ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದುಕೊಂಡೇ ನನ್ನ ಹೆಂಡತಿಯನ್ನು ಕೂಗಿದರು.

"ಏನವ್ವ, ಸಂತೆಲಿ ನೋಡಿ ತರಾಕಿಲ್ವ? ಬಲ್ತು ಮೂಲಂಗಿಗೆ ಮೀಸೆ ಬಂದದಲ್ಲ."

ಮೆಲುಕು

ಮೊದಲ ಊಟದ ದಿನ ನಾನು ಇಲಿಯನ್ನು ಬಿಸಿನೀರಲ್ಲಿಟ್ಟು ಹದ ಮಾಡಿ ತಂದರೆ, ಪೆಟ್ಟಿಗೆಯೊಳಗೆ ಇವಳು ಬಾಳೆಯೆಲೆ ಹಾಸಿದ್ದಳು. ಎಲೆಯ ತುದಿ ಎಡಕ್ಕೆ, ಮೂಲೆಯಲ್ಲಿ ಚಿಟಿಕೆ ಉಪ್ಪು. ಹಾವಿಗೆ ಉಪ್ಪು ಬೇಡ ಎಂದೆ. ಅವಳು ಉಪ್ಪು ತೆಗೆದಳು, ಎಲೆ ತೆಗೆಯಲಿಲ್ಲ. ಗುಂಡ ಆ ಎಲೆಯ ಮೇಲೆಯೇ ಉಂಡ. ತಮ್ಮನಿಗೆ ಹಾಕದ ಎಲೆ ಅದು ಎಂದು ನನಗೆ ಅರ್ಥವಾಯಿತು. ನಾನು ಕೆಲಸಕ್ಕೆ ಹೋದ ಮೇಲೆ ಅವಳು ಅವನನ್ನು ಎತ್ತಿ ಮಡಿಲಲ್ಲಿ ಮಲಗಿಸಿಕೊಂಡು ಮಧ್ಯಾಹ್ನವಿಡೀ ಬೆನ್ನು ಸವರಿದ್ದಾಳೆ. ಉಂಡ ಹಾವನ್ನು ಮುಟ್ಟಬಾರದೆಂದು ನನಗೂ ಗೊತ್ತಿರಲಿಲ್ಲ. ಮಾರನೆಯ ದಿನ ಗುಂಡ ಬಾಯಿ ತೆರೆದು ಇಲಿಯನ್ನು ಇಡಿಯಾಗಿ ವಾಪಸು ಕೊಟ್ಟ. ನಾತ ಬೀದಿಯವರೆಗೂ ಹೋಯಿತು.

"ಕಾಗೆ ಮುಟ್ಟಲಿಲ್ಲ. ಇವನು ಮುಟ್ಟಿಯೂ ಬೇಡ ಅಂದ" ಎಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ಪರಿಚಯದ ಪಶುವೈದ್ಯರೊಬ್ಬರಿದ್ದಾರೆ. ಹಸು, ಎಮ್ಮೆ, ಕುರಿಗಳ ವಿಷಯದಲ್ಲಿ ಒಳ್ಳೆಯ ಹೆಸರು. ಫೋನು ಮಾಡಿ, ಮನೆಯ ಜೀವ ಉಂಡದ್ದನ್ನು ಕಕ್ಕುತ್ತಿದೆ ಎಂದೆ. ಅವರು ಎಲ್ಲೋ ಕೊಟ್ಟಿಗೆಯಲ್ಲಿ ಕೈ ತುಂಬ ಕೆಲಸದಲ್ಲಿದ್ದರು. ಸಗಣಿ ಹೇಗಿದೆ, ಕಿವಿ ತಣ್ಣಗಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ಒಂದೇ ಉಸಿರಿಗೆ ಕೇಳಿದರು. ನಾನು ಪ್ರಶ್ನೆಗೆ ತಕ್ಕ ಉತ್ತರ ಕೊಡುವವನು. ಸಗಣಿ ಇಲ್ಲ, ಕಿವಿ ಇಲ್ಲ, ಒಮ್ಮೆ ಮೇಲಕ್ಕೆ ತಂದದ್ದನ್ನು ಮತ್ತೆ ಒಳಕ್ಕೆ ತೆಗೆದುಕೊಂಡಿಲ್ಲ ಎಂದೆ. ಯಾವ ಜೀವ ಎಂದು ಅವರು ಕೇಳಿದ್ದು ಆಮೇಲೆ. ಹಾವು ಎಂದೆ.

ಆದರೂ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ಮೈಸೂರಿನ ಹಿರಿಯ ವೈದ್ಯರೊಬ್ಬರಿಗೆ ಫೋನು ಹಚ್ಚಿ ಕೇಳಿ ಸರಿಯಾದ ಸಲಹೆಯನ್ನೇ ಕೊಟ್ಟರು. ಎರಡು ವಾರ ಏನೂ ಕೊಡಬೇಡಿ, ಕುಡಿಯಲು ನೀರಿರಲಿ, ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಲಿ, ಆಮೇಲೆ ಚಿಕ್ಕ ಇಲಿ ಕೊಡಿ, ಉಂಡ ಮೇಲೆ ಯಾರೂ ಮುಟ್ಟಬೇಡಿ. ಮತ್ತೆ ಮತ್ತೆ ಕಕ್ಕಿದರೆ ಉಳಿಯುವುದು ಕಷ್ಟ ಎಂದೂ ಹೇಳಿದರು. ಹೊರಡುವ ಮುಂಚೆ ಬಾಯಿಯೊಳಗೆ ಹುಣ್ಣಿದೆಯೇ ನೋಡಬೇಕು ಎಂದರು. ನೋಡಿ ಎಂದೆ.

"ನೀವು ಬಾಯಿ ಬಿಡಿಸಿ ಒಂದು ಫೋಟೋ ಕಳ್ಸಿ ಸರ್, ನಾನು ಮನೆಗೆ ಹೋಗಿ ನಿಧಾನವಾಗಿ ನೋಡ್ತೀನಿ."

ಬಳೆ

ಎರಡು ವಾರ ಕಳೆದು ಚಿಕ್ಕ ಇಲಿ ಕೊಟ್ಟೆವು. ಗುಂಡ ಉಂಡ. ನಡುವೆ ಒಂದು ಉಬ್ಬು ಕಾಣಿಸಿಕೊಂಡಿತು. ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿ ನಾನು ಕೌದಳ್ಳಿಗೆ ತಕ್ಕಡಿಗಳಿಗೆ ಮುದ್ರೆ ಹಾಕಲು ಹೋದೆ. ಅವತ್ತು ಒಬ್ಬ ವ್ಯಾಪಾರಿಯ ಕಲ್ಲಿನ ತಳ ಕೊರೆದದ್ದನ್ನು ಹಿಡಿದು, ನ್ಯಾಯವಾದ ದಿನ ಎಂದುಕೊಂಡು ಮನೆಗೆ ಬಂದರೆ ಅಂಗಳದಲ್ಲಿ ಐದಾರು ಜೊತೆ ಹೆಂಗಸರ ಚಪ್ಪಲಿ. ಒಳಗೆ ಅರಿಸಿನ, ಕುಂಕುಮ, ಮೊಗ್ಗಿನ ಜಡೆ, ತಟ್ಟೆ ತುಂಬ ಚಿಗಳಿ, ತಂಬಿಟ್ಟು.

ನಡೆದದ್ದು ಇಷ್ಟು. ಪಕ್ಕದ ಮನೆಯ ಅಜ್ಜಿ ಉಬ್ಬನ್ನು ನೋಡಿದ್ದಾರೆ. ಹತ್ತಾರು ಹೆರಿಗೆ ಮಾಡಿಸಿದ ಕೈ ತಮ್ಮದು, ಹೊಟ್ಟೆ ನೋಡಿದರೆ ತಿಂಗಳು ಹೇಳುತ್ತೇನೆ ಎಂದಿದ್ದಾರೆ. ಇದು ಇಲಿಯ ಉಬ್ಬು ಎಂದು ಇವಳು ಹೇಳಿದ್ದಾಳೆ. ಆಗ ಅಜ್ಜಿ ಅವಳ ಗಲ್ಲ ಹಿಡಿದು, "ದಡ್ಡಿ, ಇಲಿ ಅಲ್ಲ ಕಣವ್ವ. ನಿನ್ ತಮ್ಮ ತಿರ್ಗಾ ಉಟ್ಟಿ ಬತ್ತಾವ್ನೆ" ಎಂದರಂತೆ. ಅಲ್ಲಿಂದ ಮುಂದೆ ನನ್ನ ಹೆಂಡತಿ ನನ್ನ ಅಪ್ಪಣೆಯನ್ನು ನೆನಪಿಟ್ಟುಕೊಂಡಿರಬೇಕೆಂದು ನಾನು ಹೇಗೆ ಕೇಳಲಿ?

ಸೀಮಂತವೆಂದ ಮೇಲೆ ಹಸಿರು ಬಳೆ ತೊಡಿಸಬೇಕು. ಕೈಯಿಲ್ಲ. ಒಂದಷ್ಟು ಚರ್ಚೆಯಾಗಿ ಬಾಲದ ಕಡೆಯಿಂದ ತೊಡಿಸುವುದೆಂದು ತೀರ್ಮಾನವಾಗಿದೆ. ಮೊದಲನೆಯ ಬಳೆ ಸರಾಗವಾಗಿ ಏರಿದೆ. ಎರಡನೆಯದು ಉಬ್ಬಿನ ಹತ್ತಿರ ನಿಂತಿದೆ. ಸಾಬೂನು ತರಿಸಿ ಒತ್ತಿದ್ದಾರೆ. ಗುಂಡ ಅಲ್ಲೇ, ಆರತಿ ತಟ್ಟೆಯ ಮೇಲೆಯೇ, ಉಂಡದ್ದೆಲ್ಲವನ್ನೂ ಒಪ್ಪಿಸಿದ್ದಾನೆ. ನಾನು ಒಳಗೆ ಬಂದಾಗ ಹೆಂಗಸರೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಇವಳು ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಬಳೆ ಒಡೆದು ತೆಗೆದೆ. ಗುಂಡನನ್ನು ಪೆಟ್ಟಿಗೆಗೆ ಸೇರಿಸಿದೆ. ಆಮೇಲೆ ಎಲ್ಲರಿಗೂ ಕೇಳುವಂತೆ, ನೋಂದಣಿ ಪತ್ರದಲ್ಲಿ ಬರೆದಿರುವ ಪ್ರಕಾರ ಇದು ಗಂಡು ಹಾವು ಎಂದು ತಿಳಿಸಿದೆ.

ಅಜ್ಜಿ ತಡಬಡಾಯಿಸಲಿಲ್ಲ. "ಗಂಡಾ? ಅಂಗೇಳಿ ಮತ್ತೆ. ಅದ್ಕೇ ಬಾಯಲ್ಲಿ ಬಂತು."

ಇಲಿಗಳಿಗೆ ಗೊತ್ತಿಲ್ಲದ್ದು

ಎರಡನೆಯ ಸಲ ಕಕ್ಕಿದ ಮೇಲೆ ಗುಂಡ ಇಳಿದುಹೋದ. ಚರ್ಮ ಮಡಿಕೆ ಬಿತ್ತು, ಬೆನ್ನುಮೂಳೆ ಏಣಿನ ಹಾಗೆ ಎದ್ದು ಕಂಡಿತು. ಪೆಟ್ಟಿಗೆ ಸಮೇತ ತೂಗುತ್ತಿದ್ದೆ, ಪ್ರತಿ ಸಲವೂ ಕಡಿಮೆ. ಜೀವಮಾನವಿಡೀ ಬೇರೆಯವರ ತಕ್ಕಡಿಯನ್ನು ಅನುಮಾನಿಸಿದವನು ನಾನು, ಆಗ ನನ್ನ ತಕ್ಕಡಿಯನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಅದು ಸರಿಯಾಗಿಯೇ ಇತ್ತು. ಇವಳನ್ನು ತೂಗುವ ಧೈರ್ಯ ಮಾಡಲಿಲ್ಲ. ವೈದ್ಯರು ಬಂದು ಗುಂಡನ ಚರ್ಮದಡಿಗೆ ಸೂಜಿಯಲ್ಲಿ ನೀರು ಕೊಟ್ಟರು. ಈ ಸಲ ಒಳಗೆ ಬಂದೇ ಕೊಟ್ಟರು ಎಂಬುದನ್ನು ಹೇಳಬೇಕು.

ಆಗ ಮಾಗಿಯ ಚಳಿ. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗುತ್ತಿತ್ತು. ತಣ್ಣಗಾದರೆ ಹಾವಿಗೆ ಅರಗುವುದಿಲ್ಲ. ಕೊನೆಗೆ ಯಳಂದೂರಿನಲ್ಲಿರುವ ಇವಳ ಸೋದರಮಾವನ ನೆನಪಾಯಿತು. ತಾಯಿ ತಂದೆ ಹೋದ ಮೇಲೆ ಅಕ್ಕ ತಮ್ಮ ಇಬ್ಬರನ್ನೂ ಬೆಳೆಸಿದವರು ಅವರೇ. ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಗೆ ಹೀಟರು, ಕರೆಂಟು ಹೋದರೆ ಜನರೇಟರು, ಗೋಡೆಗೊಂದು ಉಷ್ಣಮಾಪಕ. ತಮ್ಮ ಮಕ್ಕಳನ್ನೂ ಅಷ್ಟು ಬೆಚ್ಚಗೆ ಸಾಕಿದವರಲ್ಲ.

ಮೊದಲು ಒಪ್ಪಲಿಲ್ಲ. ಹುಳುಮನೆಗೆ ಕಾಲು ತೊಳೆಯದೆ ಹೆಂಡತಿಯನ್ನೂ ಬಿಡದ ಮನುಷ್ಯ. ಹಾವು ಹುಳು ತಿಂದರೆ ಎಂದರು. ಹುಳುಮನೆಗೆ ಹೊಡೆಯುವ ಔಷಧಿಯ ಗಾಳಿ ಹಾವಿಗೆ ತಾಗಿದರೆ ಎಂದು ನಾನೂ ಕೇಳಿದೆ. ಇವಳು ನಡುವೆ ಬಂದು, "ಮಾವ, ಅವ್ನ ಕೂಸಿದ್ದಂಗೆ ಅದು" ಎಂದಳು. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹುಳುಮನೆಗೆ ಅಂಟಿದ ಕೋಣೆಯನ್ನು ಗುಡಿಸಿಸಿದರು. ಅಲ್ಲಿ ಬೆಚ್ಚಗಿನ ಗೋಡೆಯಿತ್ತು, ಜನರೇಟರಿನ ತಂತಿಯಿತ್ತು, ಔಷಧಿಯ ಗಾಳಿಯಿರಲಿಲ್ಲ.

ಅಲ್ಲಿ ಗುಂಡನಿಗೆ ಪೂರ್ತಿ ಉಪವಾಸ, ಪೂರ್ತಿ ವಿಶ್ರಾಂತಿ. ಮಾವ ದಿನಾ ಫೋನು ಮಾಡಿ, "ನಿಮ್ಮವನು ಅಂಗೇ ಅವ್ನೆ, ನಮ್ಮವು ಸೊಪ್ಪು ಮೇದವು" ಎಂದು ವರದಿ ಒಪ್ಪಿಸುತ್ತಿದ್ದರು. ತೂಕ ಇಳಿಯುವುದು ನಿಂತಿತು. ಇನ್ನು ಮನೆಗೆ ಕರೆದುಕೊಂಡು ಹೋಗೋಣ ಎಂದು ನಾನು ಹೋದರೆ ಮಾವ ಪೆಟ್ಟಿಗೆಗೆ ಅಡ್ಡ ನಿಂತರು. ಹುಳುಮನೆಗೆ ಇಲಿಗಳ ಕಾಟ ಇತ್ತಂತೆ, ಗುಂಡ ಬಂದ ಮೇಲೆ ಒಂದೂ ಸುಳಿದಿಲ್ಲವಂತೆ. ಇರಲಿ ಬುಡಿ ಅಳಿಯಂದ್ರೆ, ಒಳ್ಳೆ ಕೆಲಸಗಾರ ಎಂದರು.

ಅವನಿಗೆ ತಲೆ ಎತ್ತುವ ಶಕ್ತಿಯೂ ಇಲ್ಲ, ಚಿಕ್ಕ ಇಲಿಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ನಾನು ನೆನಪಿಸಿದೆ.

"ಅದು ನಿಮ್ಗೆ ಗೊತ್ತು, ನಂಗೊತ್ತು" ಎಂದರು ಮಾವ ದನಿ ತಗ್ಗಿಸಿ. "ಇಲಿಗಳ್ಗೆ ಯಾರೂ ಯೋಳಿಲ್ವಲ್ಲ."

ಎಲೆ ಹಾಕಿ

ಭಾವಮೈದುನನ ವರ್ಷದ ತಿಥಿ ಯಳಂದೂರಿನ ಮಾವನ ಮನೆಯಲ್ಲೇ ನಡೆಯಿತು. ಅದಕ್ಕೆ ಕೆಲವು ದಿನ ಮುಂಚೆ ಗುಂಡನಿಗೆ ಬೆರಳಷ್ಟೇ ಇರುವ ಇಲಿಮರಿ ಕೊಟ್ಟೆ. ಉಂಡ. ಕೋಣೆಗೆ ಬೀಗ ಹಾಕಿ ಬೀಗದ ಕೈ ನನ್ನ ಜೇಬಿನಲ್ಲಿಟ್ಟುಕೊಂಡೆ. ಪಕ್ಕದ ಮನೆಯ ಅಜ್ಜಿ ಯಳಂದೂರಿಗೆ ಬರುವ ಬಸ್ಸು ಯಾವುದು ಎಂದು ವಿಚಾರಿಸಿದಾಗ ಸರಿಯಾದ ಉತ್ತರವನ್ನೇ ಕೊಟ್ಟೆ, ಆದರೆ ತಿಥಿಯ ದಿನ ಹೊರಡುವ ಬಸ್ಸಿನದು ಮಾತ್ರ. ಕಕ್ಕುವ ಹೊತ್ತು ಕಳೆಯಿತು, ಕಕ್ಕಲಿಲ್ಲ. ವೈದ್ಯರು ಮಾತ್ರ ಈಗಲೇ ಹಿಗ್ಗಬೇಡಿ, ಕೆಳಗಡೆಯಿಂದ ಬಂದ ಮೇಲೆ ದಕ್ಕಿತು ಅನ್ನಿ ಎಂದಿದ್ದರು. ಅದನ್ನು ಇವಳಿಗೂ ಹೇಳಿದ್ದೆ. ಅವಳು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು.

ತಿಥಿಯ ದಿನ ಹಿತ್ತಲಿನ ಗೋಡೆಯ ಮೇಲೆ ಎಡೆ ಇಟ್ಟೆವು. ಅವನಿಗೆ ಇಷ್ಟವಾದ ಚಿತ್ರಾನ್ನ, ಶಾವಿಗೆ ಪಾಯಸ, ವಡೆ. ಕಾಗೆ ಮುಟ್ಟುವವರೆಗೂ ಯಾರೂ ಉಣ್ಣುವಂತಿಲ್ಲ. ಬೇವಿನ ಮರದಲ್ಲಿ ಕಾಗೆಗಳಿದ್ದವು. ಇಳಿಯಲಿಲ್ಲ. ಚಪ್ಪರದ ಕೆಳಗೆ ಬಂದುಬಳಗದವರು ಕೂತಿದ್ದರು. ಹೊತ್ತು ನೆತ್ತಿಯ ಮೇಲಿಂದ ಜಾರಿತು. ಮಾವ ಎರಡು ಕೈ ಎತ್ತಿ "ಕಾ, ಕಾ" ಎಂದು ಕರೆದರು, ಟವೆಲ್ಲು ಬೀಸಿದರು, ಕಾಗೆಗಳಿಗೆ ಅವುಗಳ ವಂಶದ ಬಗ್ಗೆ ಎರಡು ಮಾತು ಹೇಳಿದರು. ಯಾರೋ ಫೋನಿನಲ್ಲಿ ಕಾಗೆಯ ಕೂಗು ಹಾಕಿ ಗೋಡೆಯ ಮೇಲಿಟ್ಟರು. ಕಾಗೆಗಳು ಬಂದವು. ಎಡೆಯನ್ನು ಬಿಟ್ಟು ಫೋನನ್ನು ಸುತ್ತುವರಿದವು, ಒಂದು ಅದನ್ನು ಕುಕ್ಕಿತು. ಇದು ಸುಳ್ಳು ಕಲ್ಲು ಇಟ್ಟು ತೂಗಿದ ಹಾಗೆ ಎಂದು ನಾನು ಫೋನು ತೆಗೆಸಿದೆ. ಹಸಿದವರೆಲ್ಲ ನನ್ನ ಮುಖವನ್ನೇ ನೋಡಿದರು.

ಸಾಕು ಬುಡವ್ವ, ಕಾಗೆ ಮುಟ್ಟಿದ್ದಾಯ್ತು ಅನ್ನು, ವಯಸ್ಸಾದವರು ಕೂತವ್ರೆ ಎಂದರು ಯಾರೋ ಹೆಂಗಸು.

"ಅವತ್ತು ಅವನು ಹಸಿವಿಲ್ಲ ಅಂದಾಗ ಸುಳ್ಳು ಅಂತ ನಂಗೊತ್ತಿತ್ತು" ಎಂದಳು ನನ್ನ ಹೆಂಡತಿ. "ಇನ್ನೊಂದು ಸುಳ್ಳು ಬ್ಯಾಡ. ಅವನು ಉಣ್ಣದೆ ನಾನಂತೂ ಉಣ್ಣಲ್ಲ." ಎಡೆಯ ಮುಂದೆ ಬಿಸಿಲಲ್ಲೇ ಕೂತಳು. ಅಡುಗೆಯವರು ಒಲೆ ಆರಿಸಿದರು.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಕಾಗೆ ಒಪ್ಪದಿದ್ದರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಏನು ಮಾಡಲೂ ತೋಚದಾಗ ನಾನು ಉಷ್ಣಮಾಪಕ ನೋಡುವವನು. ಬೀಗ ತೆಗೆದು ಗುಂಡನ ಕೋಣೆಗೆ ಹೋದೆ. ಪೆಟ್ಟಿಗೆಯ ಮೂಲೆಯಲ್ಲಿ ಕಂದು ಬಣ್ಣದ್ದು ಒಂದು, ಪಕ್ಕದಲ್ಲಿ ಸುಣ್ಣದ ಉಂಡೆಯಂಥ ಬಿಳಿಯದು ಒಂದು. ಕೂದಲಿರಲಿಲ್ಲ, ಮೂಳೆಯಿರಲಿಲ್ಲ. ಚೆನ್ನಾಗಿ ಅರಗಿತ್ತು. ಗುಂಡ ತಲೆ ಎತ್ತಿ ನನ್ನನ್ನು ನೋಡಿ ನಾಲಗೆ ಚಾಚಿದ.

ಮೆಲ್ಲಗೆ ಹೇಳಬೇಕಾದ್ದನ್ನು ಮೆಲ್ಲಗೆ ಹೇಳುವುದು ನನಗೆ ಬರುವುದಿಲ್ಲ. ಸಂತೆಯಲ್ಲಿ ತಕ್ಕಡಿ ಸರಿಯಿದೆಯೆಂದು ಎಲ್ಲರಿಗೂ ಕೇಳುವಂತೆ ಸಾರುವ ದನಿಯೇ ಅಲ್ಲೂ ಬಂತು. ಹಿತ್ತಲ ಬಾಗಿಲಲ್ಲಿ ನಿಂತು, "ಹಾವು ಹೇತಿದೆ" ಎಂದೆ.

ನನ್ನ ಹೆಂಡತಿ ಎದ್ದು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಪೆಟ್ಟಿಗೆಯ ಮುಂದೆ ಮಂಡಿಯೂರಿ, ಒಂದು ವರ್ಷ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಮೊಟ್ಟೆ ಹೊಸಿಲು ದಾಟದ ಮನೆಯವಳು, ಆ ಮೂಲೆಗೆ ಕೈಮುಗಿದಳು. ಹೊರಗೆ ಬಂದಾಗ ಮುಖ ತೊಳೆದಿದ್ದಳು. ಮರದ ಕಡೆ, ಕಾಗೆಗಳ ಕಡೆ ತಿರುಗಿಯೂ ನೋಡಲಿಲ್ಲ.

"ದಕ್ಕಿತು ಮಾವ" ಎಂದಳು. "ಎಲೆ ಹಾಕಿ."

ಎಲೆ ಬಿತ್ತು. ತನಗೂ ಒಂದು ಹಾಕಿಕೊಂಡಳು. ಎಲ್ಲರೂ ತಲೆ ತಗ್ಗಿಸಿ, ಏನೂ ಕೇಳದೆ, ಏನೂ ಕೇಳಿಸಿಕೊಂಡಿಲ್ಲದವರ ಹಾಗೆ ಉಣ್ಣತೊಡಗಿದರು. ಮಾವ ಚಿತ್ರಾನ್ನ ಕಲೆಸುತ್ತ ಕಲೆಸುತ್ತ ನಿಲ್ಲಿಸಿ, ನನ್ನ ಕಡೆಗೆ ವಾಲಿದರು.

"ಅಳಿಯಂದ್ರೆ, ನನ್ ಆಯಸ್ಸಲ್ಲಿ ಬೇಕಾದಷ್ಟು ತಿಥಿ ಉಂಡಿವ್ನಿ. ಎಲ್ಲಾ ಕಡೆಲೂ ಉಂಡ ಮ್ಯಾಲೇ ಹೇಲೋದು. ಹೇತದ್ದು ನೋಡ್ಕಂಡು ಉಣ್ಣಾಕೆ ಕೂರ್ಸಿದ್ದು ನೀವೇ ಮೊದ್ಲು."

ಆ ಸಾಲಿನ ಕೊನೆಯ ಎಲೆಯ ಮುಂದೆ, ಬಾಯಿ ತುಂಬ ಅನ್ನವಿಟ್ಟುಕೊಂಡು, ಎಲ್ಲರಿಗಿಂತ ಮೊದಲು ನಕ್ಕವಳು ಅವನ ಅಕ್ಕ.